ಐದು ಗಂಟಿನ ತಂತಿ

ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಅಂಚಿನಲ್ಲಿರುವ ಆ ಗ್ಯಾರೇಜಿಗೆ ನಾನು ಹೋದುದು ಎಂಜಿನ್ನನ್ನು ನೋಡುವುದಕ್ಕಲ್ಲ, ಒಂದು ನೂಲುಂಡೆಯನ್ನು ನೋಡುವುದಕ್ಕೆ. ಲಾರಿಯ ಎಂಜಿನ್ ಇಳಿಸುವಾಗ ಬಿಚ್ಚಿದ ಒಂದೊಂದು ವೈರಿಗೂ ಗಂಟು ಹಾಕಿದ ನೂಲನ್ನು ಕಟ್ಟಿಟ್ಟು, ವಾರಗಳು ಕಳೆದು ಎಂಜಿನ್ ಮರಳಿ ಚಾಸಿಯನ್ನೇರಿದಾಗ, ಕಣ್ಣಿಗೆ ಕಾಣದ ಇಕ್ಕಟ್ಟಿನಲ್ಲಿಯೂ ಬೆರಳತುದಿಯಿಂದಲೇ ಗಂಟುಗಳನ್ನೆಣಿಸಿ ಅದರದರ ಸ್ಥಾನಕ್ಕೆ ಸೇರಿಸತಕ್ಕ ವೃದ್ಧ ವೈರಿಂಗ್ ಮೇಸ್ತ್ರಿಯೊಬ್ಬರು ಅಲ್ಲಿರುವರೆಂದು ಮಿತ್ರರೊಬ್ಬರು ಹೇಳಿದ್ದರು. ಗ್ಯಾರೇಜಿನವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆನು.

ಒಂದು ಗಂಟು ಆಯಿಲ್ ಪ್ರೆಷರಿನ ವೈರಿಗೆ, ಎರಡು ನೀರಿನ ಬಿಸಿಯನ್ನು ತೋರುವ ಮೀಟರಿನದಕ್ಕೆ, ಮೂರು ಸೆಲ್ಫಿನ, ಎಂದರೆ ಸ್ಟಾರ್ಟರ್ ಮೋಟರಿನ, ಸಣ್ಣ ವೈರಿಗೆ, ನಾಲ್ಕು ಡೈನಮೋದ್ದಕ್ಕೆ. ಆಲ್ಟರ್ನೇಟರ್ ಬಂದು ದಶಕಗಳು ಸಂದರೂ ಗ್ಯಾರೇಜಿನ ನಾಲಗೆಯಲ್ಲಿ ಅದು ಇನ್ನೂ ಡೈನಮೋವೇ. ಚೀಟಿ ಅಂಟಿಸಬಹುದಲ್ಲವೇ ಎಂದು ಕೇಳಿದೆ. “ಡೀಸೆಲ್ ಬಿದ್ರೆ ಚೀಟಿ ಕಿತ್ತು ಬರ್ತತಿ ಸಾರ್, ಗಂಟು ಬರಲ್ಲ” ಎಂದರು. ಐದು ಗಂಟಿನದು ಅರ್ತ್. ಕನ್ನಡದ ಬಾಯಲ್ಲಿ ಈ ಪದ ‘ಅರ್ಥ’ಕ್ಕೆ ಎಷ್ಟು ಸಮೀಪವೆಂದರೆ, ಗ್ಯಾರೇಜಿನ ಗೋಡೆಯ ಮೇಲೆ ಯಾವನೋ ಹುಡುಗ ಸೀಮೆಸುಣ್ಣದಿಂದ ‘ಅರ್ಥ ಚೆಕ್ ಮಾಡು’ ಎಂದೇ ಬರೆದಿದ್ದನು. ಯಾವ ಅಲಂಕಾರಶಾಸ್ತ್ರಜ್ಞನೂ ಅದನ್ನು ಆಕ್ಷೇಪಿಸಲಾರನು.

ಈ ವೈರುಗಳ ಚರಿತ್ರೆಯೆಂಬುದು ಚಾಚಾರ ಪಾಲಿಗೆ ನಾಲ್ಕು ಸಂಖ್ಯೆಗಳು: 30, 15, 50, 31. ಬ್ಯಾಟರಿಯಿಂದ ನೇರವಾಗಿ ಬರುವುದು 30, ಕೀಲಿ ತಿರುಗಿಸಿದ ಮೇಲೆ ಬರುವುದು 15, ಸೆಲ್ಫಿಗೆ ಆಜ್ಞೆಯನ್ನೊಯ್ಯುವುದು 50, ಅರ್ತ್ 31. ಇವು ಜರ್ಮನಿಯ ಡಿಐಎನ್ 72552 ಎಂಬ ಮಾನಕದ ಸಂಕೇತಗಳೆಂಬುದು ಅವರಿಗೆ ತಿಳಿಯದು. ‘ಬೆಂಜ್ ಗಾಡಿ ಜೊತೆ ಬಂದ ನಂಬರು’ ಎಂದಷ್ಟೇ ಅವರ ಗುರುಗಳು ಹೇಳಿದ್ದರಂತೆ. ಟಾಟಾ ಸಂಸ್ಥೆಯವರು 1954ರಲ್ಲಿ ಡೈಮ್ಲರ್-ಬೆಂಜ್‌ನೊಡನೆ ಕೂಡಿ ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದುದನ್ನು ನೆನೆದರೆ ಆ ಮಾತು ಅಸಂಗತವೆನಿಸುವುದಿಲ್ಲ. ಅರ್ತ್ ವೈರು ಜರ್ಮನರ ರೂಢಿಯಲ್ಲಿ ಕಂದು, ಆಂಗ್ಲರ ರೂಢಿಯಲ್ಲಿ ಕಪ್ಪು; ನಮ್ಮಲ್ಲಿಯಾದರೋ ಅಂಗಡಿಯಲ್ಲಿ ಆ ದಿನ ಸಿಕ್ಕಿದ ಬಣ್ಣ. ಆದಕಾರಣ ಚಾಚಾ ಬಣ್ಣವನ್ನು ನಂಬರು.

ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಸೆಲ್ಫನ್ನು ತಿರುಗಿಸಲು ನೂರಾರು ಆಂಪಿಯರ್ ವಿದ್ಯುತ್ತು ದಪ್ಪ ಕೇಬಲಿನಲ್ಲಿ ಹೋಗುತ್ತದೆ. ಹಿಂದಿರುಗುವುದಕ್ಕೆ ಬೇರೆ ತಂತಿಯಿಲ್ಲ, ಲಾರಿಯ ಕಬ್ಬಿಣದ ಮೈಯೇ ದಾರಿ. ಆದರೆ ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಆ ರಬ್ಬರನ್ನು ದಾಟಿಸಿ ಎಂಜಿನ್ನನ್ನು ಚಾಸಿಗೆ ಬೆಸೆಯತಕ್ಕದ್ದು ಗೇಣುದ್ದದ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದೇ; ಐದು ಗಂಟಿನ ಅರ್ತ್ ಎಂದರೆ ಇದೇ.

ಚಾಚಾ ಹುಡುಗರಾಗಿದ್ದಾಗ ಈ ಪಟ್ಟಿಗೆ ಗಂಟು ಕಟ್ಟುತ್ತಿರಲಿಲ್ಲ. ಇಷ್ಟು ದೊಡ್ಡದನ್ನು ಮರೆಯುವವರುಂಟೇ ಎಂಬ ಭಾವನೆ. ಒಂದು ಸಂಜೆ ಅವರೇ ಮರೆತರು. ಡ್ರೈವರ್ ಸೆಲ್ಫ್ ಒತ್ತಿದನು. ದಾರಿ ಕಾಣದ ವಿದ್ಯುತ್ತು, ಎಂಜಿನ್ ನಿಲ್ಲಿಸಲೆಂದು ಕ್ಯಾಬಿನ್ನಿನಿಂದ ಡೀಸೆಲ್ ಪಂಪಿಗೆ ಎಳೆದಿರುವ ತೆಳ್ಳನೆಯ ಸ್ಟಾಪ್ ಕೇಬಲನ್ನೇ ಹಿಡಿದು ಹಿಂದಿರುಗಿತು. ಕೇಬಲ್ ಕಾದು ಹೊಗೆಯಾಡಿ ತನ್ನ ಕೊಳವೆಯೊಳಗೇ ಅಂಟಿಕೊಂಡಿತು. ಅಷ್ಟರಲ್ಲಿ ಎಂಜಿನ್ ಸ್ಟಾರ್ಟ್ ಆಗಿತ್ತು. ಹಳೆಯ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒಮ್ಮೆ ಹೊತ್ತಿತೆಂದರೆ ಬ್ಯಾಟರಿಯನ್ನು ಕಳಚಿದರೂ ಓಡುತ್ತಲೇ ಇರುತ್ತದೆ. ನಿಲ್ಲಿಸುವ ಕೇಬಲೇ ಸತ್ತುಹೋದುದರಿಂದ, ಕೊನೆಗೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಅದುಮಿ ಹಿಡಿದು, ಕ್ಲಚ್ ಬಿಟ್ಟು ಎಂಜಿನ್ನಿನ ಉಸಿರು ಕಟ್ಟಿಸಬೇಕಾಯಿತು. “ಉಸ್ತಾದರು ಹೊಡಿಲಿಲ್ಲ ಸಾರ್. ಐದು ಗಂಟು ಹಾಕು ಅಂದ್ರು, ಅಷ್ಟೆ.”

ಜೋಡಣೆಯ ಉಳಿದ ಕ್ರಮ ಸರಳ. ಪಟ್ಟಿ ಕೂರುವಲ್ಲಿ ಬಣ್ಣವನ್ನೂ ತುಕ್ಕನ್ನೂ ಎಮರಿ ಕಾಗದದಿಂದ ಉಜ್ಜಿ ಲೋಹವನ್ನು ಬೆಳಗಿಸುವುದು, ಹಲ್ಲಿನ ವಾಷರ್ ಹಾಕಿ ಬಿಗಿಯುವುದು, ಮೇಲೆ ವಾಸಲೀನ್ ಸವರುವುದು. ಬ್ಯಾಟರಿಯ ಮೈನಸ್ಸನ್ನು ಎಲ್ಲಕ್ಕಿಂತ ಕಡೆಯಲ್ಲಿ ಕೂಡಿಸುವುದು. ಅನಂತರ ವೋಲ್ಟ್ ಮೀಟರಿನ ಒಂದು ಮೊನೆ ಎಂಜಿನ್ನಿಗೆ, ಮತ್ತೊಂದು ಬ್ಯಾಟರಿಯ ಮೈನಸ್ಸಿಗೆ. ಸೆಲ್ಫ್ ತಿರುಗುವಾಗ ಮುಳ್ಳು ಅರ್ಧ ವೋಲ್ಟನ್ನು ದಾಟಿತೋ, ಚಾಚಾ ಮತ್ತೆ ಪಾನಾ ಹಿಡಿದು ಲಾರಿಯಡಿಗೆ ನುಸುಳುತ್ತಾರೆ.

2020ರ ಏಪ್ರಿಲಿನಿಂದೀಚೆಗೆ ಬಂದ ಬಿಎಸ್-6 ಲಾರಿಗಳಲ್ಲಿ ಬಹುತೇಕ ಕನೆಕ್ಟರುಗಳಿಗೆ ಅವುಗಳದೇ ಆಕಾರವಿರುವುದರಿಂದ ಅದಲುಬದಲಾಗುವ ಭಯ ಬಲುಮಟ್ಟಿಗೆ ತಪ್ಪಿದೆ. ನೂಲುಂಡೆ ಬಹುಪಾಲು ಮೊಳೆಗೆ ನೇತುಬಿದ್ದಿರುತ್ತದೆ. ಆದರೆ ಇವುಗಳಲ್ಲಿಯೂ ಅರ್ತ್ ಸಡಿಲಾದರೆ ಸೆನ್ಸರುಗಳು ಸುಳ್ಳು ಹೇಳತೊಡಗುತ್ತವೆ, ಏಕೆಂದರೆ ಅವುಗಳ ಅಳತೆ ಆರಂಭವಾಗುವುದೇ ಆ ನೆಲೆಯಿಂದ. ಇದನ್ನು ಸ್ಕ್ಯಾನರ್ ಹಿಡಿದ ಹುಡುಗರಿಗೆ ಹೇಳಿಕೊಡಲು ಐ.ಟಿ.ಐ.ಯವರು ಈ ಮುದುಕರನ್ನು ಒಂದು ದಿನ ಕರೆದು ಕೂರಿಸಿದರೆ ನಷ್ಟವೇನೋ ನಾನರಿಯೆ. ನಾನು ಹೊರಡುವ ಹೊತ್ತಿಗೆ ಹೊಸ ಲಾರಿಯೊಂದರ ಎಂಜಿನ್ ಇಳಿಸುತ್ತಿದ್ದರು. ಕನೆಕ್ಟರುಗಳನ್ನು ಹುಡುಗರು ಕಳಚಿಕೊಂಡರು. ಚಾಚಾ ಮೊಳೆಯಿಂದ ನೂಲು ಹರಿದು, ಯಾರೂ ಕೇಳದಿದ್ದರೂ, ತಾಮ್ರದ ಪಟ್ಟಿಯ ತುದಿಗೆ ಗಂಟು ಹಾಕುತ್ತ ಕುಳಿತರು. ಬೆರಳು ನಡುಗುತ್ತಿದ್ದುದರಿಂದ ಐದನೆಯದು ಬಹಳ ಹೊತ್ತು ಹಿಡಿಯಿತು.