ಕ್ಷೌರದ ಕತ್ತಿಯೊಳಗೆ ಸಿಕ್ಕ ಉಕ್ಕು

ಬಿಡಿಸಿದ ಕೂಡಲೇ ಎದೆ ಢವಗುಟ್ಟಿತು. ಶೆಫೀಲ್ಡಿನ ಹಳೇ ಸಾಮಾನಿನ ಅಂಗಡಿಯೊಂದರ ಮೂಲೆ, ಜೋಡಿ ತಪ್ಪಿದ ಚಮಚಗಳ ತಟ್ಟೆ, ಅದರೊಳಗೆ ಕೊಂಬಿನ ಹಿಡಿಯಲ್ಲಿ ಅಲಗನ್ನು ಮಡಚಿಕೊಂಡು ಮಲಗಿದ್ದ ಒಂದು ಕ್ಷೌರದ ಕತ್ತಿ. ಬೆಲೆ 18 ಪೌಂಡು. ಅಲಗಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಕಿರೀಟ. ಅದರ ಆಚೆಗೊಂದು ಡಬ್ಲ್ಯೂ, ಈಚೆಗೊಂದು ಆರ್. ನಾಲ್ಕನೇ ವಿಲಿಯಂ ದೊರೆಯ ಮುದ್ರೆ! ಅವನು ಪಟ್ಟದಲ್ಲಿದ್ದದ್ದು 1830ರಿಂದ 1837ರವರೆಗೆ, ಏಳೇ ಏಳು ವರ್ಷ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬರುವ ಮುಂಚೆ ಯಾರೋ ಬಡಿದು ಹದ ಮಾಡಿದ ಅಲಗು ನನ್ನ ಅಂಗೈ ಮೇಲಿತ್ತು.

ಆದರೂ ಉಸಿರು ಬಿಗಿಹಿಡಿದು ಪರೀಕ್ಷೆ ಮಾಡಿದೆ. ಇಂಥ ಕತ್ತಿ ಕೊಳ್ಳುವಾಗ ಹೊಳಪಿಗೆ ಮರುಳಾಗಬಾರದು, ಬಾಯಿ ನೋಡಬೇಕು. ಬಾಯಿಯುದ್ದಕ್ಕೂ ಉಗುರನ್ನು ಮೆಲ್ಲಗೆ ತಾಗಿಸುತ್ತ ಹೋದರೆ ಕಣ್ಣಿಗೆ ಕಾಣದ ಬಿರುಕು ಉಗುರಿಗೆ ಸಿಗುತ್ತದೆ. ಸಿಕ್ಕಿದರೆ ಕೆಳಗಿಟ್ಟು ಬರಬೇಕು, ಎಷ್ಟೇ ಚೆಂದವಿರಲಿ. ಅಲಗಿನ ಮೈಮೇಲಿನ ತುಕ್ಕಿಗೆ ನಾನು ಹೆದರುವುದಿಲ್ಲ, ಬಾಯಂಚನ್ನು ಕೊರೆದ ತುಕ್ಕಿಗೆ ಹೆದರುತ್ತೇನೆ. ಮಸೆದಷ್ಟೂ ಅಲ್ಲಿ ಉಕ್ಕು ಪುಡಿಪುಡಿಯಾಗಿ ಉದುರುತ್ತದೆ. ಬೆನ್ನು ಅಗಲವಾಗಿ ಚಪ್ಪಟೆಯಾಗಿದ್ದರೆ ಹಿಂದಿನವರು ಮಸೆದು ಮಸೆದು ಅದರ ಆಯಸ್ಸು ತೀರಿಸಿದ್ದಾರೆ ಎಂದರ್ಥ. ಹಿಡಿ ಸೆಲ್ಯುಲಾಯ್ಡಿನದಾದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ಹಳತಾಗಿ ಕೆಡುತ್ತ ಬಿಡುವ ಆವಿ ಪಕ್ಕದ ಉಕ್ಕನ್ನೇ ತಿಂದುಹಾಕುತ್ತದೆ. ನನ್ನದರಲ್ಲಿ ಬಿರುಕಿಲ್ಲ, ಬೆನ್ನು ಗಟ್ಟಿ, ಹಿಡಿ ಕೊಂಬಿನದು. ದುಡ್ಡು ಕೊಟ್ಟು ಓಡೋಡಿ ಬಂದೆ.

ನಿಜವಾದ ಬೆರಗು ಕಾದಿದ್ದು ಕೋಣೆಯಲ್ಲಿ. ಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದಂತೆ ಅಲಗಿನ ಕರಿಯೊಳಗಿಂದ ಒಂದೊಂದೇ ಅಕ್ಷರ ಎದ್ದು ಬಂತು: ‘ಸಿಲ್ವರ್ ಸ್ಟೀಲ್’. ಬೆಳ್ಳಿ ಉಕ್ಕು! ಈ ಹೆಸರಿನ ಹಿಂದೆ ಯಾರಿದ್ದಾರೆ ಗೊತ್ತೇ? ಮೈಕೇಲ್ ಫ್ಯಾರಡೆ. ಹೌದು, ವಿದ್ಯುತ್ತಿನ ಫ್ಯಾರಡೆಯೇ! ಕಮ್ಮಾರನ ಮಗನಾದ ಆತ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕುಲುಮೆಯಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕನ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡುತ್ತಿದ್ದ. 500 ಭಾಗ ಉಕ್ಕಿಗೆ ಒಂದೇ ಒಂದು ಭಾಗ ಬೆಳ್ಳಿ ಬೆರೆಸಿದರೆ ಸೊಗಸಾದ ಉಕ್ಕು ಆಗುತ್ತದೆಂದು ಇಬ್ಬರೂ ಬರೆದರು. 1822ರ ಹೊತ್ತಿಗೆ ಅವರ ಎರಡು ಪ್ರಬಂಧಗಳು ಹೊರಬಂದಿದ್ದವು. ಶೆಫೀಲ್ಡಿನವರು ಆ ಹೆಸರನ್ನು ಕ್ಷೌರದ ಕತ್ತಿಗಳ ಮೇಲೆ ಒತ್ತತೊಡಗಿದರು. ಫ್ಯಾರಡೆ ತನ್ನ ಮಿಶ್ರಲೋಹದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಹಂಚುತ್ತಿದ್ದನಂತೆ.

ಅವರಿಗೆ ಈ ಹುಚ್ಚು ಹತ್ತಿದ್ದಾದರೂ ಎಲ್ಲಿಂದ? ಇಲ್ಲಿಗೆ ಬಂದಾಗ ನನಗೆ ಮೈ ಜುಮ್ಮೆಂದಿತು. ಫ್ಯಾರಡೆ 1819ರಲ್ಲಿ ಬಿಡಿಸಿ ನೋಡಿದ್ದು ಭಾರತದ ಉಕ್ಕನ್ನು, ಅವರು ‘ವೂಟ್ಸ್’ ಎಂದು ಕರೆಯುತ್ತಿದ್ದ ಉಕ್ಕನ್ನು. ಅದರ ಗುಟ್ಟು ಸಿಕ್ಕರೆ ತಾವೂ ಅಂಥದ್ದನ್ನು ಮಾಡಬಹುದೆಂದೇ ಇಬ್ಬರೂ ಕುಲುಮೆ ಹೊತ್ತಿಸಿದ್ದು. ಅದಕ್ಕೂ ಮೊದಲು, 1794ರಲ್ಲಿ, ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಆ ಉಕ್ಕಿನ ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದ್ದ. ಅದರ ರುಚಿ ಹತ್ತಿದ ಸ್ಟೋಡಾರ್ಟ್, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ತನಗೆ ವೂಟ್ಸೇ ಮೇಲೆಂದು ಸ್ಟ್ರ್ಯಾಂಡ್ ಬೀದಿಯ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ವೈದ್ಯರ ಶಸ್ತ್ರಗಳನ್ನೂ ಕ್ಷೌರದ ಕತ್ತಿಗಳನ್ನೂ ಅದರಿಂದಲೇ ಮಾಡಿದ.

ವೂಟ್ಸ್ ಅಂದರೇನು? ನಮ್ಮ ‘ಉಕ್ಕು’! ‘ವೂಕ್’ ಎಂದು ಬರೆದುಕೊಂಡದ್ದು ಅಚ್ಚಿನಲ್ಲಿ ತಪ್ಪಿ ವೂಟ್ಸ್ ಆಯಿತು, ಮೂಲ ಕನ್ನಡದ ಪದ ಎಂದು ಆಕ್ಸ್‌ಫರ್ಡ್ ನಿಘಂಟೇ ಹೇಳುತ್ತದೆ. ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಆ ಉಕ್ಕು ಮಾಡುವ ಕೆಲಸದ ವಿವರವನ್ನು 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಮಣ್ಣಿನ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ. ಬಾಯಿ ಮೆತ್ತಿ ಕುಲುಮೆಗೆ ಇಡುತ್ತಿದ್ದರು. ಕಡ್ಡಿಯ ಇಂಗಾಲವನ್ನು ಕುಡಿದು ಕಬ್ಬಿಣ ಉಕ್ಕಾಗುತ್ತಿತ್ತು. ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ!

ನನ್ನ ಕತ್ತಿ ಮೈಸೂರಿನ ಉಕ್ಕಿನದು ಎನ್ನುತ್ತಿಲ್ಲ. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು 1740ರ ದಶಕದಲ್ಲಿ ಇಲ್ಲಿಯೇ ಮೂಸೆಯ ಉಕ್ಕು ಕರಗಿಸಿದ್ದ, ಶೆಫೀಲ್ಡಿಗೆ ಹೆಸರು ಬಂದದ್ದು ಅದರಿಂದ. ಆದರೆ ಅಲಗಿನ ಮೇಲಿನ ಆ ಎರಡು ಪದಗಳನ್ನು ಹಿಡಿದು ಹಿಂದೆ ನಡೆದರೆ ದಾರಿ ಹೋಗಿ ನಿಲ್ಲುವುದು ನಮ್ಮ ಕಮ್ಮಾರರ ತಿದಿಯ ಮುಂದೆ.

ಇನ್ನು ಸಾಣೆ. ಅಬ್ಬಾ, ಇದರ ಜಾಣತನವೇ ಜಾಣತನ! ಅಡುಗೆಮನೆ ಚಾಕುವನ್ನು ಮಸೆಯುವಾಗ ಎಷ್ಟು ಓರೆ ಹಿಡಿಯಬೇಕೆಂದು ಕೈಗೆ ಪಳಗಬೇಕು. ಕ್ಷೌರದ ಕತ್ತಿಗೆ ಆ ತಾಪತ್ರಯವಿಲ್ಲ. ಕಲ್ಲಿನ ಮೇಲೆ ಅಡ್ಡ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ತಾಗುತ್ತವೆ, ಬೆನ್ನಿನ ದಪ್ಪವೇ ಬಾಯಿಯ ಕೋನವನ್ನು ನಿಗದಿ ಮಾಡುತ್ತದೆ. ಮಾಡಿದವನು ಅಳತೆಗೋಲನ್ನು ಕತ್ತಿಯೊಳಗೇ ಇಟ್ಟು ಕೊಟ್ಟಿದ್ದಾನೆ! ನಾನು ಬೆನ್ನಿಗೆ ಒಂದು ಪದರ ಎಲೆಕ್ಟ್ರಿಕಲ್ ಟೇಪು ಅಂಟಿಸಿದೆ, ಇಷ್ಟು ವರ್ಷ ಉಳಿದ ಬೆನ್ನು ನನ್ನ ಕೈಯಲ್ಲಿ ಸವೆಯದಿರಲಿ ಎಂದು. ಬಾಯಿಗೆ ಮಾರ್ಕರ್ ಶಾಯಿ ಬಳಿದೆ. ಮೊದಲು 1000 ನಂಬರಿನ ಕಲ್ಲು. ನಾಲ್ಕು ಸಲ ಎಳೆದು ನೋಡಿದರೆ ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ಒತ್ತಬಾರದು. ಬಾಯಿ ಮುಂದಾಗಿ ಹೋಗಬೇಕು. ತುದಿಯಲ್ಲಿ ಬೆನ್ನಿನ ಮೇಲೆ ಮಗುಚಿ ಮತ್ತೆ ಬಾಯಿ ಮುಂದಾಗಿಯೇ ವಾಪಸು ಬರಬೇಕು. ಆಮೇಲೆ 4000, ಆಮೇಲೆ 8000.

ಕೊನೆಗೆ ಹಳದಿ ಕೋಟಿಕ್ಯೂಲ್ ಕಲ್ಲು. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ, ವಿಯೆಲ್‌ಸಾಲ್ಮ್ ಊರಿನ ಸುತ್ತ, ಕೆಲವೇ ಸೆಂಟಿಮೀಟರು ದಪ್ಪದ ಪದರಗಳಲ್ಲಿ ಸಿಗುವ ಕಲ್ಲು ಅದು. ವಯಸ್ಸು ಸುಮಾರು 48 ಕೋಟಿ ವರ್ಷ. ಅದರ ಮೈತುಂಬ ನಮ್ಮ ಗೋಮೇದಕದ ಕುಲಕ್ಕೆ ಸೇರಿದ ಗಾರ್ನೆಟ್ಟಿನ ಸೂಕ್ಷ್ಮ ಹರಳುಗಳು! ನವರತ್ನದ ಬಂಧುವೊಂದು ನನ್ನ ಗಡ್ಡದ ಕತ್ತಿಯನ್ನು ಹರಿತ ಮಾಡುತ್ತಿದೆ ಎಂದುಕೊಂಡಾಗ ಕೈ ತಾನಾಗಿ ಹಗುರವಾಯಿತು. ಬಾಯಿ ಹದಕ್ಕೆ ಬಂದದ್ದನ್ನು ನೀರೇ ಹೇಳಿತು: ಅಷ್ಟು ಹೊತ್ತು ಬಾಯಿಯ ಮುಂದೆ ತಳ್ಳಿಸಿಕೊಂಡು ಹೋಗುತ್ತಿದ್ದ ನೀರು ಈಗ ಅಲಗಿನ ಮೇಲೆ ಹತ್ತಿ ಹರಿಯತೊಡಗಿತು.

ಆಮೇಲೆ ಚರ್ಮದ ಪಟ್ಟಿ. ಇಲ್ಲಿ ಎಲ್ಲ ತಿರುಗುಮುರುಗು, ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿಯೇ ಸೀಳುತ್ತದೆ. ನಮ್ಮೂರಲ್ಲಿ ಕ್ಷೌರಕ್ಕೆ ಮನೆಗೇ ಬರುತ್ತಿದ್ದ ಅಜ್ಜ ಪಟ್ಟಿಯನ್ನೇ ಬಳಸುತ್ತಿರಲಿಲ್ಲ, ಅಂಗೈ ಮೇಲೇ ಕತ್ತಿಯನ್ನು ಸರಸರ ಸವರುತ್ತಿದ್ದ. ಅದನ್ನು ನೋಡುತ್ತ ಉಸಿರು ಹಿಡಿದು ಕೂರುತ್ತಿದ್ದೆ. ಪಟ್ಟಿಯ ಕೆಲಸ ಮುಗಿದ ಮೇಲೆ ನಾನು ತಲೆಯಿಂದ ಒಂದು ಕೂದಲು ಕಿತ್ತು ಬಾಯಿಯ ಮೇಲೆ ಇಳಿಬಿಟ್ಟೆ. ತಾಗಿದ್ದೇ ತಡ, ತುಂಡಾಗಿ ಬಿತ್ತು.

ಬಿಸಿನೀರು, ನೊರೆ, ಕನ್ನಡಿ. ಎಡಗೈಯಿಂದ ಕೆನ್ನೆ ಬಿಗಿಹಿಡಿದು ಅಲಗನ್ನು ಸ್ವಲ್ಪವೇ ಓರೆಯಾಗಿ ಇಳಿಸಿದೆ. ಮುಂದಿನ ಕಾಲದ ತೆಳು ಅಲಗುಗಳು ಕೂದಲು ಕೊಯ್ಯುವಾಗ ಝಣಝಣ ಹಾಡುತ್ತವೆ. ಬೆಣೆಯಂತೆ ದಪ್ಪಗಿರುವ ಈ ಹಳೆಯದು ಹಾಡಲಿಲ್ಲ, ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು. ಇನ್ನೊಂದು ಕೆನ್ನೆ ಬಾಕಿಯಿತ್ತು. ಅಲಗನ್ನು ತೊಳೆದು ಮತ್ತೆ ಕಿವಿಯ ಬುಡಕ್ಕೆ ಇಟ್ಟೆ.