ಮಕ್ಕಳಿಗೆ ಬರೆದಿಟ್ಟ ರಾಜನೀತಿ

ಅಬುಧಾಬಿ ನಗರದಿಂದ ಪಶ್ಚಿಮಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿರುವ ರುವೈಸ್, 1982ರಲ್ಲಿ ಉದ್ಘಾಟನೆಗೊಂಡ ತೈಲ ಶುದ್ಧೀಕರಣಾಗಾರದೊಡನೆ ಬೆಳೆದ ಊರು. ಒಂದೆಡೆ ಕಡಲು, ಮತ್ತೊಂದೆಡೆ ಮರಳು. ಯಜಮಾನರು ಪಾಳಿಗೆ ಹೊರಟ ಮೇಲೆ ಗೃಹಿಣಿಗೆ ಓದಲು ಬೇಕಾದಷ್ಟು ಬಿಡುವು. ಬಿ.ಎ. ತರಗತಿಯಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಫ್ರಾನ್ಸಿನ ಮಹಾಮಂತ್ರಿ ರಿಶೆಲ್ಯೂವನ್ನು ನಾನು ಮತ್ತೆ ಓದಿದ್ದು ಇಲ್ಲಿಯೇ.

ಕಾರ್ಡಿನಲ್ ರಿಶೆಲ್ಯೂ 1624ರಿಂದ 1642ರಲ್ಲಿ ತೀರಿಕೊಳ್ಳುವವರೆಗೂ ಹದಿಮೂರನೆಯ ಲೂಯಿಯ ಪ್ರಧಾನ ಮಂತ್ರಿಯಾಗಿದ್ದವನು. ಫ್ರೆಂಚ್ ಭಾಷೆಯ ಕಾವಲಿಗೆ 1635ರಲ್ಲಿ ಅಕಾಡೆಮಿಯನ್ನು ಸ್ಥಾಪಿಸಿದವನೂ ಅವನೇ. ದೊರೆಗೆಂದು ಅವನು ಬಿಟ್ಟುಹೋದ 'ರಾಜಕೀಯ ಮರಣಶಾಸನ' ಅಚ್ಚಾದದ್ದು 1688ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅದು ಅವನ ಕೃತಿಯೇ ಅಲ್ಲವೆಂದು ವೋಲ್ಟೇರ್ ವಾದಿಸಿದನಾದರೂ ವಿದ್ವಾಂಸರು ಇಂದು ಸಾಮಾನ್ಯವಾಗಿ ಅದನ್ನು ಅವನದೆಂದೇ ಒಪ್ಪುತ್ತಾರೆ.

ರಾಜ್ಯವನ್ನು ವಿವೇಕವೇ ನಡೆಸಬೇಕು, ಪರರಾಜ್ಯಗಳೊಡನೆ ಸಂಧಾನವನ್ನು ಎಂದೂ ನಿಲ್ಲಿಸಬಾರದು ಎಂಬ ಅವನ ಮಾತುಗಳು ಇಂದಿಗೂ ಸಲ್ಲುತ್ತವೆ. ಆದರೆ ಪ್ರಜೆಗಳನ್ನು ಅವನು ಹೇಸರಗತ್ತೆಗಳಿಗೆ ಹೋಲಿಸುತ್ತಾನೆ: ದುಡಿಮೆಗಿಂತ ಹೆಚ್ಚಾಗಿ ಬಿಡುವೇ ಅವನ್ನು ಕೆಡಿಸುತ್ತದಂತೆ. ಹೊರೆ ಮಾತ್ರ ಶಕ್ತಿಗೆ ತಕ್ಕಷ್ಟಿರಬೇಕೆಂದೂ ಅವನು ಸೇರಿಸಿದ್ದಾನೆ. ಆದರೂ ಅವನ ಯುದ್ಧಗಳಿಗಾಗಿ ತೆರಿಗೆ ಏರುತ್ತಲೇ ಹೋಗಿ, 1639ರಲ್ಲಿ ನಾರ್ಮಂಡಿಯ ಜನ ದಂಗೆಯೆದ್ದರು. ಬರೆದದ್ದಕ್ಕೂ ನಡೆದದ್ದಕ್ಕೂ ಅಷ್ಟು ಅಂತರ!

ಅದೇ ಶತಮಾನದಲ್ಲಿ ನಮ್ಮ ಮಲೆನಾಡಿನ ಕೆಳದಿಯ ಅರಸರೂ ಇದೇ ಪ್ರಶ್ನೆಗಳನ್ನು ಎದುರಿಸುತ್ತಿದ್ದರು. ಶಿವಪ್ಪನಾಯಕನ 'ಶಿಸ್ತು' ಭೂಮಿಯ ಗುಣವನ್ನು ನೋಡಿ, ಬೆಳೆಯನ್ನು ಅಳೆದು, ಕಂದಾಯವನ್ನು ಗೊತ್ತುಮಾಡಿದ ಪದ್ಧತಿ. ಹೊರೆ ಶಕ್ತಿಗೆ ತಕ್ಕಂತಿರಬೇಕೆಂಬ ಮಾತು ಇಲ್ಲಿ ಲೆಕ್ಕದ ಕಡತಕ್ಕೆ ಇಳಿದಿತ್ತು. ಮುಂದೆ ಸುಮಾರು 25 ವರ್ಷ ಆಳಿದ ರಾಣಿ ಚೆನ್ನಮ್ಮಾಜಿ, 1689ರಲ್ಲಿ ಔರಂಗಜೇಬನ ಸೇನೆಗೆ ಅಂಜದೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು.

ಆಕೆಯ ದತ್ತುಪುತ್ರ ಬಸವಪ್ಪನಾಯಕನು 1709ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 9 ಕಲ್ಲೋಲಗಳು, 108 ತರಂಗಗಳು. ಮಗ ಸೋಮಶೇಖರನು ಕೇಳುವುದು, ತಂದೆ ಹೇಳುವುದು. ರಾಜನೀತಿಯ ಜೊತೆಗೆ ವೈದ್ಯ, ಸಂಗೀತ, ರತ್ನಪರೀಕ್ಷೆ, ಅಷ್ಟೇಕೆ, ಪಾಕಶಾಸ್ತ್ರವೂ ಅದರಲ್ಲಿದೆ! ಅಡುಗೆಮನೆಯೂ ಅರಸನು ಅರಿತಿರಬೇಕಾದ ವಿಷಯವೆಂದು ಒಬ್ಬ ಅರಸನೇ ಬರೆದಿಟ್ಟಿರುವುದನ್ನು ತಿಳಿದಾಗ, ಸೌಟು ಹಿಡಿದೇ ಮೂವತ್ತು ವರ್ಷ ಕಳೆದ ನನಗೆ ಹೆಮ್ಮೆಯೆನಿಸಿತು.

ಮಂತ್ರಿ ಬರೆದದ್ದು ದೊರೆಗೆ, ತಂದೆ ಬರೆದದ್ದು ಮಗನಿಗೆ. ಇಬ್ಬರಿಗೂ ಇದ್ದ ಆತಂಕ ಒಂದೇ: ತಾವು ಕಲಿತದ್ದು ತಮ್ಮೊಡನೆಯೇ ಅಳಿಯಬಾರದು.

ಪುಸ್ತಕ ಮುಚ್ಚಿಟ್ಟಾಗ ನನ್ನ ಮನೆಯ ಸ್ಥಿತಿ ನೆನಪಾಯಿತು. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಸಾರಿನ ಪುಡಿಯ ಅಳತೆಯನ್ನು ಪ್ರತಿಸಲವೂ ದೂರವಾಣಿಯಲ್ಲೇ ಕೇಳುತ್ತಾಳೆ. ನಾನು ಒಂದು ಸಾಲನ್ನೂ ಬರೆದಿಟ್ಟಿಲ್ಲ. ಬೀರುವಿನಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಮಾವನವರ ಸಾಲ ತೀರಿಸಲು, ನಾದಿನಿಯ ಮದುವೆಗೆ ತಿಂಗಳು ತಿಂಗಳೂ ಊರಿಗೆ ಕಳಿಸಿದ ಹಣದ ಲೆಕ್ಕ ಅದು. ಮಕ್ಕಳ ಮನಸ್ಸಿಗೆ ಭಾರವಾದೀತೆಂದು ಇದುವರೆಗೆ ಅವರಿಗೆ ತೋರಿಸಿರಲಿಲ್ಲ. ಈ ಮನೆಯ ಹೊರೆಯನ್ನು ಯಾರು, ಎಷ್ಟು ಹೊತ್ತರೆಂಬುದು ಅವರಿಗೆ ತಿಳಿಯುವುದಾದರೂ ಹೇಗೆ?

ಕೆಲಸದ ಅವಧಿ ಮುಗಿದೊಡನೆ ಈ ನೆಲವನ್ನು ಬಿಟ್ಟು ಹೊರಡಬೇಕಾದವರು ನಾವು. ಇಲ್ಲಿ ನಮಗೆ ಕೋಟೆಯಿಲ್ಲ, ಶಾಸನವಿಲ್ಲ. ಆದರೂ ಸಹೃದಯ ಬಂಧುಗಳೇ, ಒಂದು ನೂರು ಪುಟದ ನೋಟುಬುಕ್ಕು ಎಲ್ಲರಿಗೂ ಎಟುಕುತ್ತದೆ. ಸಾರಿನ ಪುಡಿಯ ಅಳತೆಯಿಂದಲೇ ನಾನು ಆರಂಭಿಸಿದ್ದೇನೆ, ಕನ್ನಡದಲ್ಲಿಯೇ. ಮುಂದಿನ ರಜೆಗೆ ಮಗಳು ಬಂದಾಗ, ಆ ಹಳೆಯ ಲೆಕ್ಕದ ಪುಸ್ತಕವನ್ನೂ ಅದರ ಜೊತೆಗೇ ಅವಳ ಕೈಗಿಡುತ್ತೇನೆ.