ಹಾದರವೂ ವ್ಯಭಿಚಾರವೂ

ಮತ್ತಾಯ 5:32ರಲ್ಲಿ ನಮ್ಮ ಸತ್ಯವೇದವು ‘ಹಾದರ’, ‘ವ್ಯಭಿಚಾರ’ ಎಂಬೆರಡು ಪದಗಳನ್ನು ಒಂದೇ ವಾಕ್ಯದಲ್ಲಿ ಬಳಸುತ್ತದೆ. ಆಡುಮಾತಿನಲ್ಲಿ ಎರಡರ ಅರ್ಥವೂ ಒಂದೇ ಆದುದರಿಂದ ಓದುಗನು ಭೇದವನ್ನು ಗಮನಿಸದೆ ಮುಂದೆ ಸಾಗುತ್ತಾನೆ. ಗ್ರೀಕ್ ಮೂಲದಲ್ಲಿಯಾದರೋ ಮೊದಲನೆಯದು ‘ಪೋರ್ನೇಯ’, ಎರಡನೆಯದು ‘ಮೊಯ್ಖೇಯ’ ಎಂಬುದರ ಕ್ರಿಯಾರೂಪ. ಮೊಯ್ಖೇಯವು ವಿವಾಹದ ಒಡಂಬಡಿಕೆಯನ್ನು ಮುರಿಯುವ ಪಾಪ. ದಶಾಜ್ಞೆಗಳ ಗ್ರೀಕ್ ಭಾಷಾಂತರದಲ್ಲಿರುವುದೂ ಅದೇ ಧಾತು. ಪೋರ್ನೇಯವು ಇದಕ್ಕಿಂತ ವಿಸ್ತಾರವಾದುದು. ವೇಶ್ಯಾಗಮನಕ್ಕೂ, 1 ಕೊರಿಂಥ 5:1ರಲ್ಲಿ ತಂದೆಯ ಹೆಂಡತಿಯನ್ನು ಇಟ್ಟುಕೊಂಡವನ ಕೃತ್ಯಕ್ಕೂ ಅದೇ ಹೆಸರು. ಮತ್ತಾಯ 15:19ರ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿ ನಿಂತಿರುವುದರಿಂದ ಅವನ್ನು ಪರ್ಯಾಯಪದಗಳೆನ್ನಲಾಗದು.

ಇದು ಬರಿಯ ನಿಘಂಟಿನ ಚರ್ಚೆಯಲ್ಲ. ಪರಿತ್ಯಕ್ತೆಯೊಬ್ಬಳು ಮರುವಿವಾಹವನ್ನು ಕೋರಿ ಬಂದಾಗ ಸಭಾಪಾಲಕನ ಉತ್ತರವು ಈ ಪದದ ಮೇಲೆ ನಿಲ್ಲುತ್ತದೆ. ಕರ್ತನು ವಿನಾಯಿತಿಯನ್ನು ವಿಸ್ತಾರವಾದ ಪದದಿಂದಲೇ ಹೇಳಿದ್ದಾನೆ. ಅದನ್ನು ಯಾಜಕಕಾಂಡ 18ರ ನಿಷಿದ್ಧ ಸಂಬಂಧಗಳಿಗೆ ಮಾತ್ರ ಸೀಮಿತಗೊಳಿಸುವವರಿದ್ದಾರೆ. ಪರ್ವತ ಪ್ರಸಂಗದಲ್ಲಿ ಅಂಥ ಸೂಚನೆ ಕಾಣದ ಕಾರಣ ಆ ವಾದವು ನನಗೆ ಒಪ್ಪಿಗೆಯಾಗಿಲ್ಲ.

ನ್ಯಾಯಾಲಯದ ದಾರಿ ಬೇರೆ. 1869ರ ವಿಚ್ಛೇದನ ಕಾಯಿದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿಯಾದರೋ ಅದರೊಡನೆ ಕ್ರೌರ್ಯ, ಪರಿತ್ಯಾಗ ಮುಂತಾದ ಇನ್ನೊಂದು ದೋಷವನ್ನೂ ರುಜುವಾತುಪಡಿಸಬೇಕಿತ್ತು. 2001ರ ತಿದ್ದುಪಡಿಯು ಆ ತಾರತಮ್ಯವನ್ನು ತೆಗೆದುಹಾಕಿತು. ಕಾಯಿದೆಯ ಪದವು ಮಾತ್ರ ಇಂದಿಗೂ ಮೊಯ್ಖೇಯದ ಅರ್ಥದ್ದು, ಪೋರ್ನೇಯದ್ದಲ್ಲ.